ತೋಟದ ದಾರಿಗಾಗಿ ಪಿಕಪ್ ಎತ್ತರಿಸಿ ದೊಡ್ಡ ಟಯರ್ ಹಾಕಿಸುವುದು ಸರಿಯೇ?

ಮುನಿಯಾಲು ತೋಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮುನಿಯಾಲಿನ ಹತ್ತಿರ ನಮ್ಮದೊಂದು ಅಡಿಕೆ ತೋಟವಿದೆ. ಡಾಂಬರು ಮುಗಿದ ಮೇಲೆ ತೋಟದ ಮನೆಗೆ ಎರಡು ಕಿಲೋಮೀಟರು ಮಣ್ಣಿನ ದಾರಿಯಿದ್ದು, ಅದರ ಕೊನೆಯ ಭಾಗ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯನ್ನು ಕಡಿದು ಮಾಡಿದ್ದು. ಎಷ್ಟೋ ವರ್ಷಗಳಿಂದ ಜೀಪು, ಟ್ರ್ಯಾಕ್ಟರು ಓಡಾಡಿ ಎರಡು ಬದಿಯ ಜಾಡು ಆಳವಾಗಿ ಸವೆದಿದೆ. ನಡುವಿನ ಕಲ್ಲು ಮಾತ್ರ ಸವೆಯದೆ ದಿಬ್ಬದಂತೆ ನಿಂತಿದೆ. ಕಳೆದ ವರ್ಷ ಕೈಬದಲಾದ ಇಸುಝು ವಿ-ಕ್ರಾಸ್ ಪಿಕಪ್ ಒಂದನ್ನು ಕೊಂಡೆ. ಖಾಲಿ ಇರುವಾಗ ಅದು ಆ ದಿಬ್ಬವನ್ನು ಹೇಗೋ ದಾಟುತ್ತದೆ. ಹಿಂದೆ ಎಂಟು ಹತ್ತು ಮೂಟೆ ಗೊಬ್ಬರ ಹೇರಿದ ದಿನ ಮಾತ್ರ ಅಡಿಯಿಂದ ಕರ್ರೆಂದು ಉಜ್ಜುವ ಸದ್ದು ಕೇಳಿ ಎದೆ ಝಲ್ಲೆನ್ನುತ್ತದೆ.

ಮಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, ಈಗಿರುವ 255/60 ಆರ್18 ಟಯರುಗಳನ್ನು ತೆಗೆದು 265/65 ಆರ್18 ಅಳತೆಯ ಆಲ್ ಟೆರೇನ್ ಟಯರು (ಡಾಂಬರಿಗೂ ಮಣ್ಣಿನ ದಾರಿಗೂ ಆಗುವ ಟಯರು) ಹಾಕಿಸಿ, ಮುಂದೆ ಸ್ಪೇಸರ್ (ಎತ್ತರಿಸಲು ಇಡುವ ದಪ್ಪ ಬಿಲ್ಲೆ), ಹಿಂದೆ ಉದ್ದದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಕೂಡಿಸಿದರೆ ಗಾಡಿ ಎರಡು ಇಂಚು ಮೇಲೇಳುತ್ತದೆ, ಅರ್ಧ ದಿನದ ಕೆಲಸ ಎಂದರು. ಇದೇ ಗಾಡಿಯಲ್ಲಿ ತಿಂಗಳಿಗೆರಡು ಸಲ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೂ ಹೋಗಬೇಕು. ವಯಸ್ಸಾದ ತಂದೆಯವರು ಜೊತೆಗಿರುತ್ತಾರೆ. ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮೇ ಕೊನೆಯ ವಾರ ಬರುವ, ಮಳೆಗಾಲದ ಹೊಸ್ತಿಲಿನ ದಿನ) ಏನಾದರೊಂದು ಮಾಡಿಸಿ ಮುಗಿಸಬೇಕೆಂದಿದ್ದೇನೆ, ಏಕೆಂದರೆ ಮಳೆ ಹಿಡಿದ ಮೇಲೆ ಆ ದಾರಿಯಲ್ಲಿ ಪ್ರಯೋಗ ಮಾಡುವ ಹಾಗಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಬೈಕಂಪಾಡಿಯ ಮೆಕ್ಯಾನಿಕ್ (ಉತ್ತರ):

ಟಯರಿನ ಅಳತೆಗೆ ಹೋಗುವ ಮೊದಲು ಒಂದು ಮಾತು ಕೇಳುತ್ತೇನೆ: ಅಡಿಯಲ್ಲಿ ತಾಗುತ್ತಿರುವುದು ಯಾವ ಭಾಗ? ಸದ್ದು ಕೇಳಿಸಿತು ಎಂದು ಬರೆದಿದ್ದೀರಿ, ಗುರುತು ನೋಡಿದ್ದಾಗಿ ಬರೆದಿಲ್ಲ. ಎತ್ತರಿಸುವ ಕೆಲಸಕ್ಕೆ ಬರುವ ಹತ್ತರಲ್ಲಿ ಎಂಟು ಗಾಡಿಗಳ ಮಾಲೀಕರು ಇದನ್ನು ನೋಡದೆಯೇ ಬಂದಿರುತ್ತಾರೆ ಎಂಬುದು ನನ್ನ ಬಹಳ ದಿನಗಳ ಬೇಸರ.

ನಿಮ್ಮ ಗಾಡಿಯ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿ ಏರಿಳಿಯುತ್ತವೆ; ಹಿಂದೆ ಮಾತ್ರ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಪ್ಲೇಟುಗಳು. ಸ್ಪೇಸರ್, ಶ್ಯಾಕಲ್ ಏನೇ ಹಾಕಿದರೂ ಮೇಲೇಳುವುದು ಚಾಸಿ ಮತ್ತು ಅದಕ್ಕೆ ಕಟ್ಟಿಕೊಂಡ ಭಾಗಗಳೇ ಹೊರತು ಹಿಂದಿನ ಡಿಫರೆನ್ಶಿಯಲ್ ಗುಂಡು (ಆಕ್ಸಲಿನ ನಡುವೆ ಇರುವ ಗೇರುಗಳ ಗುಂಡು) ಒಂದು ನೂಲೂ ಮೇಲೇಳುವುದಿಲ್ಲ, ಏಕೆಂದರೆ ಅದು ಕೂತಿರುವುದು ಆಕ್ಸಲಿನಲ್ಲಿ, ಆಕ್ಸಲ್ ಕೂತಿರುವುದು ಚಕ್ರದ ಮೇಲೆ. ಅದನ್ನು ಎತ್ತಬಲ್ಲದ್ದು ಟಯರು ಮಾತ್ರ. ಹಾಗಾದರೆ ಟಯರು ಎಷ್ಟು ಎತ್ತುತ್ತದೆ? ಈಗಿನ ನಿಮ್ಮ ಟಯರಿನ ವ್ಯಾಸ ಸುಮಾರು 763 ಮಿಲಿಮೀಟರು, ಅಂಗಡಿಯವರು ಹೇಳಿದ್ದರ ವ್ಯಾಸ ಸುಮಾರು 802. ವ್ಯತ್ಯಾಸ 39 ಮಿಲಿಮೀಟರಿನಷ್ಟು ಕಂಡರೂ ಅದರಲ್ಲಿ ಅರ್ಧ ಆಕ್ಸಲಿನ ಮೇಲ್ಗಡೆಗೇ ಹೋಗುವುದರಿಂದ ಕೆಳಗೆ ನಿಮಗೆ ಸಿಗುವುದು ಸುಮಾರು 19 ಮಿಲಿಮೀಟರು, ಎಂದರೆ ಮುಕ್ಕಾಲು ಇಂಚು. ಆ ಮುಕ್ಕಾಲು ಇಂಚಿಗಾಗಿ ಮೀಟರು 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ, ಒಟ್ಟು ಗೇರಿಂಗ್ ಶೇಕಡಾ 5ರಷ್ಟು ಉದ್ದವಾಗಿ ಏರಿನಲ್ಲಿ ಎಳೆತ ಅಷ್ಟೇ ತಗ್ಗುತ್ತದೆ, ಭಾರದ ಟಯರನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕಾಗುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಟಯರು ಉಜ್ಜುವುದೂ ಇದೆ.

ಆದ್ದರಿಂದ ಒಂದು ಕೆಲಸ ಮಾಡಿ. ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ದಪ್ಪಗೆ ಕಲಸಿ ಆ ಕಲ್ಲಿನ ದಿಬ್ಬದ ಮೇಲೆ ಬಳಿಯಿರಿ. ಮೊದಲು ಖಾಲಿ ಗಾಡಿಯನ್ನು, ನಂತರ ಹೇರಿದ ಗಾಡಿಯನ್ನು ನಡೆದಷ್ಟೇ ನಿಧಾನವಾಗಿ ಅದರ ಮೇಲೆ ದಾಟಿಸಿ. ಆಮೇಲೆ ಅಡಿಯಲ್ಲಿ ಮಲಗಿ ಟಾರ್ಚು ಹಾಕಿ ನೋಡಿದರೆ ಎಲ್ಲೆಲ್ಲಿ ಬಿಳಿಯಾಗಿದೆಯೋ ಅದೇ ನಿಮ್ಮ ಪ್ರಶ್ನೆಗೆ ಉತ್ತರ.

ಬ್ರಹ್ಮಾವರದಿಂದ (ಉತ್ತರ):

ನೀವು ಮಾಡಬೇಕೆಂದಿರುವುದನ್ನೇ ಮಾಡಿಸಿ ಮೂರು ವರ್ಷ ಅನುಭವಿಸಿದವನು ನಾನು. ನನ್ನ ಪಿಕಪ್ಪನ್ನು ಎರಡು ಇಂಚು ಎತ್ತರಿಸುತ್ತೇವೆಂದು ಒಂದು ಅಂಗಡಿಯವರು ಕೆಲಸ ಮಾಡಿಕೊಟ್ಟರು. ಯಾವ ಊರಿನ ಯಾವ ಅಂಗಡಿ ಎಂಬುದು ಇಲ್ಲಿ ಮುಖ್ಯವಲ್ಲ. ಮುಂದಿನ ಸ್ಟ್ರಟ್‌ನ (ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರಿನ ಜೋಡಣೆಯ) ತಲೆಯ ಮೇಲೆ ಇಡುವ ಸ್ಪೇಸರ್ ಎಷ್ಟು ದಪ್ಪವೋ ಚಕ್ರದ ಬಳಿ ಗಾಡಿ ಅದರ ಸುಮಾರು ಎರಡು ಪಟ್ಟು ಏಳುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿರಲಿಲ್ಲವೋ ಏನೋ, ಎರಡು ಇಂಚಿಗೆಂದು ದಪ್ಪದ್ದನ್ನೇ ಇಟ್ಟು ಮೂರೂವರೆ ಇಂಚು ಎಬ್ಬಿಸಿಬಿಟ್ಟರು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಆದರೆ ಗಾಡಿ ನಿಂತಲ್ಲೇ ಚಕ್ರವನ್ನು ಹಿಡಿದಿರುವ ಮುಂದಿನ ಆರ್ಮುಗಳು ಕೆಳಗೆ ಇಳಿಯಬಹುದಾದಷ್ಟೂ ಇಳಿದಿದ್ದರಿಂದ ಸಣ್ಣ ಹೊಂಡಕ್ಕೂ ಸಸ್ಪೆನ್ಶನ್ ಟಕ್ ಎಂದು ಬಡಿಯತೊಡಗಿತು. ಚಕ್ರಕ್ಕೆ ಶಕ್ತಿ ಕೊಡುವ ಆಕ್ಸಲುಗಳು ಓರೆಯಾಗಿ ದುಡಿದು ಒಂದು ಮಳೆಗಾಲ ಮುಗಿಯುವುದರೊಳಗೆ ಸಿ.ವಿ. ಜಾಯಿಂಟಿನ (ಆ ಆಕ್ಸಲಿನ ಬಾಗುವ ಕೀಲಿನ) ರಬ್ಬರ್ ಬೂಟು ಹರಿಯಿತು. ಒಳಗಿನ ಗ್ರೀಸು ಹೊರಗೆ, ಗದ್ದೆಯ ಕೆಸರು ಒಳಗೆ. ತಿರುವಿನಲ್ಲಿ ಕಟಕಟ ಸದ್ದು ಬರುವ ಹೊತ್ತಿಗೆ ಜಾಯಿಂಟೂ ಹೋಗಿತ್ತು.

ಎತ್ತರಿಸಿದ ದಿನ ಅಲೈನ್‌ಮೆಂಟ್ ಮಾಡಿಕೊಡಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಂಟು ಸಾವಿರ ಕಿಲೋಮೀಟರಿಗೆ ಮುಂದಿನ ಟಯರುಗಳ ಒಂದೇ ಅಂಚು ಕೈಯಾಡಿಸಿದರೆ ಚರ್ಮ ಕೀಳುವ ಗರಗಸದಂತಾಗಿತ್ತು, ಹೊರಗಿನಿಂದ ನೋಡುವವರಿಗೆ ಅದೇ ಟಯರು ಹೊಸದು. ನನ್ನ ಗಾಡಿಯಲ್ಲಿ ಅಳತೆ ಮೀರಿದ ಎತ್ತರದಿಂದಾಗಿ ಕ್ಯಾಂಬರ್ ಮತ್ತು ಕ್ಯಾಸ್ಟರ್ ಕೋನಗಳನ್ನು (ಚಕ್ರ ಒಳಹೊರಗೆ ವಾಲುವ ಮತ್ತು ಅದರ ತಿರುಗುವ ಅಕ್ಷ ಹಿಂದೆಮುಂದೆ ವಾಲುವ ಕೋನಗಳನ್ನು) ಕಂಪನಿ ಕೊಟ್ಟ ಬೋಲ್ಟಿನಲ್ಲಿ ಸರಿಪಡಿಸಲು ಜಾಗವೇ ಉಳಿದಿರಲಿಲ್ಲ. ಬೇರೆ ಅಪ್ಪರ್ ಆರ್ಮ್ ಬೇಕಾಯಿತು.

ಇದೆಲ್ಲ ಹಣದ ಮಾತು. ನನ್ನನ್ನು ಬದಲಾಯಿಸಿದ್ದು ಆಗುಂಬೆ. 14 ಹಿಮ್ಮುರಿ ತಿರುವುಗಳ ಆ ಘಾಟಿಯಲ್ಲಿ ಆಷಾಢದ ಮಳೆಗೆ ಇಳಿಯುತ್ತಿದ್ದಾಗ, ಮೊದಲಾದರೆ ಮೈಮರೆತು ತಿರುಗಿಸುತ್ತಿದ್ದ ತಿರುವಿನಲ್ಲಿ ಗಾಡಿಯ ಮೈ ಹೊರಗಡೆಗೆ ವಾಲಿ, ಒಳಬದಿಯ ಚಕ್ರ ಹಗುರಾದದ್ದು ಸೀಟಿನಲ್ಲೇ ತಿಳಿಯಿತು. ಪಕ್ಕದಲ್ಲಿದ್ದ ಹೆಂಡತಿ ಏನೂ ಮಾತಾಡದೆ ಕೈಹಿಡಿ ಹಿಡಿದುಕೊಂಡಳು. ಸೋಮೇಶ್ವರಕ್ಕೆ ಇಳಿದ ಮೇಲೆ ಬದಿಯಲ್ಲಿ ನಿಲ್ಲಿಸಿ, ಸ್ಪೇಸರ್ ತೆಗೆಸುವುದೆಂದು ಅಲ್ಲೇ ನಿಶ್ಚಯಿಸಿದೆ. ನಿಮ್ಮ ತಂದೆಯವರು ಜೊತೆಗಿರುತ್ತಾರೆ ಎಂದು ಬರೆದಿದ್ದೀರಿ. ಹತ್ತಿ ಇಳಿಯುವುದೇ ಅವರಿಗೆ ಕಷ್ಟವಾದೀತು, ಅದನ್ನೂ ಯೋಚಿಸಿ.

ಆಲ್ ಟೆರೇನ್ ಟಯರನ್ನು ಮಾತ್ರ ನಾನು ಬಿಟ್ಟಿಲ್ಲ. ಈಗಿನ ಅಳತೆಯಲ್ಲೇ ಅಂಥ ಟಯರು ಹಾಕಿ, ಕೆಸರು ದಾರಿಗೆ ಇಳಿಯುವಾಗ ಗಾಳಿಯನ್ನು 35 ಪಿಎಸ್‌ಐನಿಂದ 25ಕ್ಕೆ ಇಳಿಸಿ ನಿಧಾನವಾಗಿ ಹೋದರೆ ಹಿಡಿತ ಎಷ್ಟು ಹೆಚ್ಚುತ್ತದೆಂದು ನೀವೇ ನೋಡಿ. ಇದು ಖಾಲಿ ಗಾಡಿಗೆ ಮಾತ್ರ. ಮೂಟೆ ಹೇರಿದ್ದರೆ ಹಿಂದಿನ ಟಯರಿನ ಗಾಳಿ ಇಳಿಸಬಾರದು. ಡಾಂಬರಿಗೆ ಬಂದ ಕೂಡಲೇ ಸಣ್ಣ ಕಂಪ್ರೆಸರಿನಿಂದ ತುಂಬಿಸಿಕೊಳ್ಳಲೇಬೇಕು.

ಮಣ್ಣಗುಡ್ಡೆ ನಿವಾಸಿ (ಉತ್ತರ):

ಕಾನೂನಿನ ಕಡೆಯನ್ನು ಯಾರೂ ಹೇಳದ್ದರಿಂದ ಸೇರಿಸುತ್ತೇನೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಇದಕ್ಕಿಂತ ಹತ್ತಿರದ ಅಪಾಯ ವಿಮೆಯದ್ದು. ಎತ್ತರಿಸಿದ ವಿಷಯವನ್ನು ವಿಮಾ ಕಂಪನಿಗೆ ತಿಳಿಸದೆ ಇದ್ದು, ನಾಳೆ ಘಾಟಿಯಲ್ಲಿ ಗಾಡಿ ಮಗುಚಿದರೆ ಪರಿಹಾರ ನಿರಾಕರಿಸಲು ಅವರಿಗೆ ಅದೊಂದೇ ಕಾರಣ ಸಾಕಾಗಬಹುದು. ತಯಾರಕರು ನಿಮ್ಮ ಮಾದರಿಗೆ ಒಪ್ಪಿರುವ ಅಳತೆಯೊಳಗೆ, ಲೋಡ್ ಇಂಡೆಕ್ಸ್ (ಟಯರು ಹೊರಬಲ್ಲ ಭಾರವನ್ನು ಸೂಚಿಸುವ ಸಂಖ್ಯೆ) ಈಗಿನದಕ್ಕಿಂತ ಕಡಿಮೆಯಾಗದ ಟಯರು ಹಾಕಿಸಿದರೆ ಈ ಯಾವ ತಲೆಬಿಸಿಯೂ ಇಲ್ಲ.

ಮುನಿಯಾಲು ತೋಟ (ಪ್ರಶ್ನಿಸಿದವರು):

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಸುಣ್ಣದ ಪರೀಕ್ಷೆ ಮಾಡಿದೆ. ಖಾಲಿ ಗಾಡಿಗೆ ಎಲ್ಲೂ ಬಿಳಿ ತಾಗಲಿಲ್ಲ. ಒಂಬತ್ತು ಮೂಟೆ ಹೇರಿ ದಾಟಿಸಿದಾಗ ಡಿಫರೆನ್ಶಿಯಲಿನ ಹೊಟ್ಟೆಗೆ ಬೆರಳಗಲದ ತೆಳು ಗೆರೆ ಬಿದ್ದಿತ್ತು, ಅದಕ್ಕಿಂತ ಹಿಂದೆ ಅಡಿಯಲ್ಲಿ ನೇತಾಡುವ ಸ್ಟೆಪ್ನಿ ಟಯರಿಗೆ ಮಾತ್ರ ಅಂಗೈಯಗಲ ದಪ್ಪಗೆ ಮೆತ್ತಿಕೊಂಡಿತ್ತು. ಸುಣ್ಣವನ್ನು ಒರೆಸಿ ನೋಡಿದರೆ ಅದೇ ಜಾಗದಲ್ಲಿ ರಬ್ಬರು ಹರಿದು, ಹರಿದ ಸೀಳಿನೊಳಗೆ ಮುರಕಲ್ಲಿನ ಕೆಂಪು ಹುಡಿ ಗಟ್ಟಿಯಾಗಿ ತುಂಬಿಕೊಂಡಿದೆ. ಇಷ್ಟು ದಿನ ನಾನು ಕೇಳುತ್ತಿದ್ದ ಸದ್ದು ಹೆಚ್ಚಾಗಿ ಅದರದ್ದೇ.

ಇನ್ನೊಂದು ವಿಷಯ. ಮೂಟೆ ಇಳಿಸಿದ ಮೇಲೂ ಲೀಫ್ ಪ್ಲೇಟುಗಳು ಬಿಲ್ಲಿನ ಹಾಗೆ ಬಾಗಿಲ್ಲ, ಹೆಚ್ಚುಕಡಿಮೆ ಚಪ್ಪಟೆಯಾಗಿಯೇ ಕಾಣುತ್ತವೆ. ಬಲಬದಿ ಎಡಬದಿಗಿಂತ ಒಂದು ಬೆರಳು ಕೆಳಗಿದೆ. ಮೊದಲಿನ ಮಾಲೀಕರು ಏನು ಹೇರುತ್ತಿದ್ದರೋ ತಿಳಿಯದು.

ಬೈಕಂಪಾಡಿಯ ಮೆಕ್ಯಾನಿಕ್ (ಉತ್ತರ):

ಹಾಗಾದರೆ ನಿಮ್ಮ ಗಾಡಿಗೆ ಬೇಕಾದದ್ದು ಹೊಸ ಎತ್ತರವಲ್ಲ, ಅದು ಕಳೆದುಕೊಂಡ ಎತ್ತರ. ಹಿಂದಿನ ಪ್ಲೇಟು ಸೆಟ್ಟು ಸೋತಿದೆ. ಎರಡೂ ಬದಿಗೆ ಅದೇ ಅಳತೆಯ ಹೊಸ ಸೆಟ್ಟು ಹಾಕಿಸಿ. ಹಳೆಯದನ್ನು ಬಡಿದು ಬಾಗಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಆರು ತಿಂಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ. ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟುಗಳನ್ನೂ ಹೊಸದಾಗಿಯೇ ಹಾಕಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಳೆಯ ಬೋಲ್ಟಿನ ಹಲ್ಲು ತುಕ್ಕು ಹಿಡಿದಿರುತ್ತದೆ, ಎಷ್ಟು ಬಿಗಿದರೂ ಬಿಗಿಯಾದಂತೆ ತೋರುತ್ತದೆಯೇ ಹೊರತು ಹಿಡಿಯುವುದಿಲ್ಲ. 500 ಕಿಲೋಮೀಟರು ಓಡಿಸಿದ ಮೇಲೆ ಒಮ್ಮೆ ಬಂದು ಅವುಗಳನ್ನು ಮತ್ತೆ ಬಿಗಿಸಿಕೊಳ್ಳಿ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿ ಬ್ರೇಕಿನ ಲೋಡ್ ಸೆನ್ಸಿಂಗ್ ವಾಲ್ವ್‌ಗೆ (ಹೇರಿದ ಭಾರಕ್ಕೆ ತಕ್ಕಂತೆ ಒತ್ತಡ ಕೊಡುವ ವಾಲ್ವ್‌ಗೆ) ಸೇರಿರುತ್ತದೆ. ಹಿಂಭಾಗ ಎತ್ತರವಿದ್ದರೆ ಗಾಡಿ ಖಾಲಿ ಇದೆಯೆಂದು ತಿಳಿದು ಆ ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ಉದ್ದದ ಶ್ಯಾಕಲ್ ಹಾಕಿ ಎತ್ತರಿಸಿ ಆ ಕಡ್ಡಿಯನ್ನು ಮರೆತರೆ, ಹೇರಿದ ಗಾಡಿಯೂ ಖಾಲಿ ಗಾಡಿಯಂತೆಯೇ ಬ್ರೇಕು ಹಿಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇದ್ದರೆ ಪ್ಲೇಟು ಬದಲಾಯಿಸಿದ ದಿನವೇ ಕಂಪನಿಯ ಅಳತೆಗೆ ಹೊಂದಿಸಿಕೊಳ್ಳಿ, ಹೆಡ್‌ಲೈಟಿನ ಕೋನವನ್ನೂ ನೋಡಿಸಿ.

ಸ್ಟೆಪ್ನಿಯ ಟಯರು ಬದಲಿಸುವಾಗ ಓಡುವ ನಾಲ್ಕರ ಅಳತೆಯದ್ದನ್ನೇ ಹಾಕಿ, ಏಕೆಂದರೆ ಪಂಕ್ಚರಾದ ದಿನ ಬೇರೆ ವ್ಯಾಸದ ಚಕ್ರ ಕೂಡಿಸಿ ಫೋರ್ ವೀಲ್ ಡ್ರೈವ್ ಹಾಕಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಇನ್ನು ಒಂಬತ್ತು ಮೂಟೆಯ ವಿಚಾರ: ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದು ಎಷ್ಟು ಉಳಿಯುತ್ತದೆಂದು ನೋಡಿ. ಕೂತವರ ತೂಕವೂ ಅದರಲ್ಲೇ ಸೇರಬೇಕು. 45 ಕಿಲೋದ ಒಂಬತ್ತು ಯೂರಿಯಾ ಮೂಟೆ ಎಂದರೆ 405 ಕಿಲೋ ಆಯಿತು. ಎರಡು ಸಲ ಹೋಗಿ ಬನ್ನಿ.

ಡಿಫರೆನ್ಶಿಯಲಿಗೆ ಬಿದ್ದ ಆ ತೆಳು ಗೆರೆಗೆ ಗಾಡಿಯಲ್ಲಿ ಏನೂ ಮಾಡಬೇಕಾಗಿಲ್ಲ. ಮುರಕಲ್ಲು ಪಿಕ್ಕಾಸಿಗೆ ಬಗ್ಗುವ ಕಲ್ಲು. ಮಳೆಗೆ ಮುಂಚೆ ಇಬ್ಬರು ಆಳುಗಳನ್ನು ಕರೆದು ಆ ದಿಬ್ಬವನ್ನು ಮೂರು ಇಂಚು ಕೆತ್ತಿಸಿ, ಕೆತ್ತಿದ ಚೂರುಗಳನ್ನೇ ಎರಡು ಬದಿಯ ಜಾಡಿಗೆ ತುಂಬಿಸಿ ಒತ್ತಿಸಿಬಿಡಿ.