ಸಮೋನ್ನತಿ ರೇಖೆಯಲ್ಲಿ ಕಣಿವೆ ಯಾವುದು, ಏಣು ಯಾವುದು?

ಪ್ರಶ್ನೆ (ಹಾಸನ)
ಮಗಳು ಮೊದಲ ಪಿಯುಸಿ, ಭೂಗೋಳ ತಗೊಂಡಿದ್ದಾಳೆ. ಅಕ್ಷಾಂಶ, ರೇಖಾಂಶ, ದಿಕ್ಕು, ಚಿಹ್ನೆ ಎಲ್ಲ ಚೆನ್ನಾಗಿ ಗುರುತಿಸುತ್ತಾಳೆ. ಸಮೋನ್ನತಿ ರೇಖೆ, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಬಂತು ಅಂದರೆ ಕಣಿವೆಗೆ ಏಣು (ಗುಡ್ಡದ ಉದ್ದನೆಯ ಉಬ್ಬು) ಅಂತಾಳೆ, ಏಣಿಗೆ ಕಣಿವೆ ಅಂತಾಳೆ. ಎರಡರಲ್ಲೂ ಗೆರೆ ‘ವಿ’ ಥರಾನೇ ಬಾಗಿರುತ್ತದೆ ಅಲ್ವಾ? ಹೇಗೆ ಹೇಳಿಕೊಡಲಿ?

ಉತ್ತರ (ಸಕಲೇಶಪುರ, ಭೂಗೋಳ ಮೇಷ್ಟ್ರು)
ಆಕಾರ ಆಮೇಲೆ ನೋಡಲಿ ಸಾರ್, ಮೊದಲು ಗೆರೆಯ ಮೇಲಿನ ಸಂಖ್ಯೆ ಓದಿಸಿ. ‘ವಿ’ಯ ಚೂಪು ತುದಿ ಜಾಸ್ತಿ ಎತ್ತರದ ಕಡೆಗಿದ್ದರೆ ಕಣಿವೆ. ತಗ್ಗಿನ ಕಡೆಗಿದ್ದರೆ ಏಣು.

ಇದನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ, ಪರೀಕ್ಷೆ ದಿನ ತಿರುಗುಮುರುಗು ಆಗುತ್ತದೆ. ಕಾರಣ ಹೇಳಿ. ಗುಡ್ಡದ ಮೈಮೇಲೆ ಹತ್ತದೆ, ಇಳಿಯದೆ, ಒಂದೇ ಎತ್ತರದಲ್ಲಿ ನಡೆಯುತ್ತಿದ್ದೀರಿ ಅಂದುಕೊಳ್ಳಿ. ಎದುರಿಗೆ ಹಳ್ಳ ಬಂತು. ಎತ್ತರ ಬಿಡಬಾರದು ಅಂದರೆ ಹಳ್ಳ ಹುಟ್ಟುವ ಕಡೆಗೇ ಒಳಕ್ಕೆ ಹೋಗಿ, ದಾಟಿ, ಆ ಕಡೆಯಿಂದ ವಾಪಸ್ ಬರಬೇಕು. ನೀವು ನಡೆದ ದಾರಿಯೇ ಆ ಗೆರೆ. ಅದಕ್ಕೇ ತುದಿ ಮೇಲಕ್ಕೆ ತಿರುಗುತ್ತದೆ.

ಏಣಿಗೆ ನಮ್ಮ ತಾಲ್ಲೂಕಿನ ಬಿಸಿಲೆ ತೋರಿಸಿ. ಅಲ್ಲಿ ಏಣಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಜಲವಿಭಾಜಕ ಅಂತ ಪುಸ್ತಕದಲ್ಲಿ ಬರುವುದು ಇದೇ. ಒಮ್ಮೆ ಕರೆದುಕೊಂಡು ಬನ್ನಿ, ಮಳೆಗಾಲ ಕಳೆದ ಮೇಲೆ.

ಉತ್ತರ (ಚಿಕ್ಕಮಗಳೂರು)
ಮುಳ್ಳಯ್ಯನಗಿರಿಯನ್ನೂ ನೋಡಿಸಿ. 1:50,000 ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಒಂದು ಗೆರೆಗೂ ಮುಂದಿನ ಗೆರೆಗೂ ಎತ್ತರದ ಅಂತರ 20 ಮೀಟರ್. ಬೆಟ್ಟ 1,930 ಮೀಟರ್, ಹಾಗಾಗಿ ಕೊನೆಯ ಗೆರೆ 1,920. ಗೆರೆ ಒತ್ತೊತ್ತಾಗಿದ್ದಲ್ಲಿ ಕಡಿದಾದ ಇಳಿಜಾರು.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರವಾಯಿತು ಮೇಷ್ಟ್ರೇ. ಬಿಸಿಲೆಯ ನಕ್ಷೆ ಎಲ್ಲಿ ಸಿಗುತ್ತದೆ?

ಸಕಲೇಶಪುರ ಮೇಷ್ಟ್ರು
ಸರ್ವೆ ಆಫ್ ಇಂಡಿಯಾದ ವೆಬ್‌ಸೈಟಿನಲ್ಲಿ ನೋಂದಾಯಿಸಿದರೆ ಉಚಿತವಾಗಿ ಇಳಿಸಿಕೊಳ್ಳಬಹುದು. ಬಿಸಿಲೆ, ಸಕಲೇಶಪುರ ಎರಡೂ ಅಕ್ಷಾಂಶ 12ರಿಂದ 13, ರೇಖಾಂಶ 75ರಿಂದ 76ರ ಚೌಕದಲ್ಲಿವೆ. ನಕ್ಷೆ ಹಾಳೆಗಳ ಹಳೆಯ ಸಂಖ್ಯೆಯಲ್ಲಿ ಅದು 48 ಪಿ. ನಿಮ್ಮ ಹಾಸನ 76 ದಾಟಿ ಸ್ವಲ್ಪ ಪೂರ್ವಕ್ಕಿದೆ, ಅದು ಬೇರೆ ಹಾಳೆ. ಆ ಚೌಕವನ್ನು ಮಗಳೇ ಹುಡುಕಲಿ.