ಶಾಲಾ ಪ್ರಹಸನಕ್ಕೆ ‘ನಿಚಿಜೋ’ ತರಹದ ಹಾಸ್ಯ ಬರೆಯುವುದು ಹೇಗೆ?

ಬದಿಯಡ್ಕ ಮಾಷ್ಟ್ರು: ಹೈಸ್ಕೂಲು ಮಕ್ಕಳಿಗೆ 8 ನಿಮಿಷದ ಕನ್ನಡ ಪ್ರಹಸನ ಬೇಕು. ಮಾದರಿ ಶಾಲೆಯ ದಿನಚರಿಯ ಹಾಸ್ಯದ ‘ನಿಚಿಜೋ’ ಅನಿಮೆ (ಜಪಾನಿ ಕಾರ್ಟೂನ್ ಸರಣಿ). ರೋಬೋಟ್, ಮಾತಾಡುವ ಬೆಕ್ಕು, ಹಾರುವ ಬೆಂಚು ಎಲ್ಲ ಹಾಕಿಯಾಯಿತು, ನಗು ಮಾತ್ರ ಬರುವುದಿಲ್ಲ. ಯಾಕೆ?

ಕುಂಬಳೆ ಅನಿಮೆ: ವಿಚಿತ್ರ ಜಾಸ್ತಿಯಾಯಿತು, ಮಾಷ್ಟ್ರೇ. ‘ನಿಚಿಜೋ’ದಲ್ಲಿ ಪ್ರಿನ್ಸಿಪಾಲರು ಜಿಂಕೆಯೊಡನೆ ಕುಸ್ತಿ ಹಿಡಿಯುವ ದೃಶ್ಯ ಇನ್ನೊಮ್ಮೆ ನೋಡಿ. ಶಾಲೆ ಮಾಮೂಲು, ಅಂಗಳ ಮಾಮೂಲು, ಜಿಂಕೆಯೂ ಮಾಮೂಲು. ವಿಪರೀತ ಕುಸ್ತಿ ಒಂದೇ. 2011ರಲ್ಲಿ ಕ್ಯೋಟೋ ಆನಿಮೇಷನ್‌ನವರು ಅದನ್ನು ದೊಡ್ಡ ಹೊಡೆದಾಟದ ಸಿನಿಮಾದಷ್ಟೇ ಶ್ರದ್ಧೆಯಿಂದ ಬಿಡಿಸಿದರು. ದೃಶ್ಯಕ್ಕೊಂದೇ ಅಸಂಬದ್ಧ ಸಾಕು.

ಅಳತೆಗೆ ಜಪಾನಿನ ನಾಲ್ಕು ಚೌಕದ ಕಾಮಿಕ್ ಹಿಡಿಯಿರಿ: ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ. ‘ಅಜುಮಾಂಗಾ ದಾಯೋ’ ಎಂಬ ಶಾಲಾ ಹಾಸ್ಯಕಥೆ ಹುಟ್ಟಿದ್ದೇ ಆ ಚೌಕಗಳಲ್ಲಿ. ತಿರುವು ಮೂರನೆಯದರಲ್ಲಿ. ನೀವು ಮೊದಲ ಸಾಲಿಗೇ ರೋಬೋಟ್ ತಂದರೆ ತಿರುಗಲು ಏನೂ ಉಳಿಯುವುದಿಲ್ಲ.

ಪೆರ್ಲದ ಚೆಂಡೆ: ಜೋಡಿಯೂ ಬೇಕು. ಜಪಾನಿ ಹಾಸ್ಯದಲ್ಲಿ ಎಡವಟ್ಟು ಮಾತಿನವ ‘ಬೊಕೆ’, ಅವನನ್ನು ತಡೆದು ತಿದ್ದುವವ ‘ತ್ಸುಕ್ಕೋಮಿ’. ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ಹಾಸ್ಯಗಾರ ಮತ್ತು ಭಾಗವತರು ಇದ್ದ ಹಾಗೆ. ಭಾಗವತರು ಗಂಭೀರವಾಗಿ ಪ್ರಶ್ನೆ ಹಾಕಿದಷ್ಟೂ ಹಾಸ್ಯಗಾರನ ಮಾತು ಏರುತ್ತದೆ. ಇಬ್ಬರೂ ಬೊಕೆ ಆದರೆ ಬರೀ ಗದ್ದಲ.

ಜಪಾನಿ ಶ್ಲೇಷೆ ಅನುವಾದಿಸಬೇಡಿ, ಸತ್ತುಹೋಗುತ್ತದೆ. ಕಾಸರಗೋಡಿನಲ್ಲಿ ಶ್ಲೇಷೆಗೆ ಬರವೇ? ಮಲಯಾಳದಲ್ಲಿ ‘ಪಟ್ಟಿ’ ಅಂದರೆ ನಾಯಿ. ಟೀಚರ್ “ಹಾಜರಿ ಪಟ್ಟಿ ತಾ” ಅನ್ನಲಿ. ಹೊಸದಾಗಿ ಸೇರಿದ ಮಲಯಾಳಿ ಹುಡುಗ ಕೈಯಲ್ಲಿ ಹಗ್ಗ ಹಿಡಿದು ಬರಲಿ. ಟೀಚರ್ ಬೈಯಬಾರದು, ಬೆಚ್ಚಲೂಬಾರದು. ನಾಯಿಯ ಕ್ರಮಸಂಖ್ಯೆ ಕೇಳಿ, ನಿನ್ನೆಯ ರಜೆಗೆ ಚೀಟಿ ಎಲ್ಲಿ ಅನ್ನಲಿ. ತ್ಸುಕ್ಕೋಮಿ ಕೆಲಸ ಹಿಂದಿನ ಬೆಂಚಿನ ಒಬ್ಬಳಿಗೆ ಮಾತ್ರ, ಅದೂ ಒಂದೇ ಸಾಲು.

ಬದಿಯಡ್ಕ ಮಾಷ್ಟ್ರು: ಇದು ರಂಗದಲ್ಲಿ ನಿಲ್ಲುತ್ತದೆ! ಹಗ್ಗ ಕಂಡ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು?

ಕುಂಬಳೆ ಅನಿಮೆ: ಮನಸ್ಸಲ್ಲೇ ಮೂರು ಎಣಿಸಲಿ. ‘ಡೈಲಿ ಲೈವ್ಸ್ ಆಫ್ ಹೈಸ್ಕೂಲ್ ಬಾಯ್ಸ್’ ಅನಿಮೆಯಲ್ಲಿ ನದಿ ದಡದ ಹುಡುಗ-ಹುಡುಗಿಯ ದೃಶ್ಯ ಗೆದ್ದದ್ದು ಮೌನದಿಂದ. ಮಕ್ಕಳಿಗೆ ಕಷ್ಟ ಇಲ್ಲೇ: ಹೆದರಿ ಮುಂದಿನ ಮಾತು ಬೇಗ ಹೇಳಿಬಿಡುತ್ತಾರೆ, ಇಲ್ಲವೇ ತಾವೇ ನಗುತ್ತಾರೆ. ಮೊದಲ ಮೂರು ಅಭ್ಯಾಸ ಆ ಮೌನಕ್ಕೇ ಇಡಿ.

ಪೆರ್ಲದ ಚೆಂಡೆ: ನಿಜವಾದ ನಾಯಿ ತರಬೇಡಿ, ಎಲ್ಲರ ಕಣ್ಣು ಅದರ ಮೇಲೇ ಹೋಗುತ್ತದೆ. ಹಗ್ಗದ ತುದಿ ಪರದೆಯ ಆಚೆಗಿರಲಿ. ಹೆಸರು ಕೂಗಿದಾಗ ಒಳಗಿನಿಂದ ಒಂದೇ ಬೊಗಳು.