ಇಂಗ್ಲಿಷ್ ಲೇಖನ ಓದಿ ಅರ್ಥ ಮಾಡಿಕೊಳ್ಳಲು ನೀವು ಹೇಗೆ ಅಭ್ಯಾಸ ಮಾಡಿದಿರಿ? ಕಾಸರಗೋಡು ಕಡೆಯವರ ಅನುಭವಗಳು

ಪ್ರಶ್ನೆ, ಬದಿಯಡ್ಕದಿಂದ:

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಎಲ್ಲ ಇಂಗ್ಲಿಷ್. ಯುಕೆಗೆ ಹೋಗಲು ಒಇಟಿ, ಅಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಕೇಸ್ ಶೀಟ್ ಓದಲು ಏನೂ ತೊಂದರೆ ಇಲ್ಲ. ಆದರೆ ಬೊಜ್ಜು, ಲಸಿಕೆಯ ಮೇಲಿನ ಅನುಮಾನ, ವಯಸ್ಸಾದವರ ಒಂಟಿತನ, ಇಂಥ ವಿಷಯದ ಉದ್ದ ಲೇಖನ ಬಂದರೆ ಕಥೆಯೇ ಬೇರೆ. ಓದುವಾಗ ಎಲ್ಲ ಅರ್ಥ ಆದ ಹಾಗೆ ಇರುತ್ತದೆ. ಪ್ರಶ್ನೆಗೆ ಬಂದರೆ ನಾಲ್ಕೂ ಉತ್ತರ ಸರಿ ಅನಿಸುತ್ತದೆ. ಮಾದರಿ ಪೇಪರ್ ಮಾಡಿ ಮಾಡಿ ಸಾಕಾಗಿದೆ. ಕೋಚಿಂಗಿಗೆ ಹೋಗಲು ಡ್ಯೂಟಿ ಬಿಡುವುದಿಲ್ಲ. ನಮ್ಮ ಕಡೆಯಿಂದ ಬರೆದವರು, ಕಲಿಸುವವರು ಇದ್ದರೆ ದಯವಿಟ್ಟು ಹೇಳಿ.

ಮಂಜೇಶ್ವರ ಕಡೆಯ ಪ್ಲಸ್ ಟು ಇಂಗ್ಲಿಷ್ ಟೀಚರ್:

ಕನ್ನಡ ಮೀಡಿಯಮ್ಮಿನಿಂದ ಪ್ಲಸ್ ಒನ್ನಿಗೆ ಬರುವ ಮಕ್ಕಳಲ್ಲಿ ಪ್ರತಿ ವರ್ಷ ಇದನ್ನೇ ನೋಡುತ್ತೇನೆ. ಶಬ್ದ ಗೊತ್ತಿಲ್ಲದೆ ತಪ್ಪುವುದು ಕಮ್ಮಿ. ವಾಕ್ಯದಲ್ಲಿರುವ ಷರತ್ತನ್ನು ಹಾರಿಸಿ ಓದುವುದೇ ಜಾಸ್ತಿ. ಸ್ವಲ್ಪ ದಿನ ಮಾದರಿ ಪೇಪರ್ ಬದಿಗಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೈಟಿನಲ್ಲಿ ಒಂದೊಂದು ರೋಗದ ಬಗ್ಗೆ ಫ್ಯಾಕ್ಟ್ ಶೀಟ್ ಅಂತ ಉಂಟು. ಚಿಕ್ಕದು, ಪುಕ್ಕಟೆ, ಇಂಗ್ಲಿಷ್ ಶುದ್ಧ. ಮೇಲೆ ಮುಖ್ಯ ಅಂಶಗಳು, ಕೆಳಗೆ ವಿವರ.

ರೇಬಿಸ್‌ನದ್ದನ್ನು ನಾನು ಕ್ಲಾಸಿನಲ್ಲಿ ಮಾಡಿಸುತ್ತೇನೆ. ಬೀದಿ ನಾಯಿಯ ಸುದ್ದಿ ಇಲ್ಲದ ವಾರ ನಮ್ಮಲ್ಲಿ ಇಲ್ಲ, ಹಾಗಾಗಿ ಮಕ್ಕಳು ಆಸಕ್ತಿಯಿಂದ ಓದುತ್ತಾರೆ. ಅದರಲ್ಲಿ ಹೇಳಿರುವುದು ಇಷ್ಟು: ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ನೂರಕ್ಕೆ ನೂರು ಖಚಿತ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ 99 ಶೇಕಡಾದಷ್ಟರವರೆಗೆ ನಾಯಿಯಿಂದಲೇ. ಕಚ್ಚಿದ ಗಾಯವನ್ನು ಸೋಪು ನೀರಿನಲ್ಲಿ ಕಮ್ಮಿಯೆಂದರೂ 15 ನಿಮಿಷ ತೊಳೆಯಬೇಕು, ತಡ ಮಾಡದೆ ಲಸಿಕೆ ತೆಗೆದುಕೊಳ್ಳಬೇಕು. ಆಮೇಲೆ ನಾನು ಕೇಳುವ ಪ್ರಶ್ನೆ: 'ಹುಚ್ಚುನಾಯಿ ಕಚ್ಚಿದವರೆಲ್ಲ ಸಾಯುತ್ತಾರೆ, ಸರಿಯೋ ತಪ್ಪೋ?' ಅರ್ಧ ಕ್ಲಾಸು ಸರಿ ಅನ್ನುತ್ತದೆ. ನೂರು ಶೇಕಡಾ ಎಂಬುದು ತಲೆಯಲ್ಲಿ ಉಳಿದಿದೆ, 'ಲಕ್ಷಣ ಕಾಣಿಸಿಕೊಂಡ ಮೇಲೆ' ಎಂಬುದು ಬಿದ್ದುಹೋಗಿದೆ. ಪರೀಕ್ಷೆಯಲ್ಲಿ ತಪ್ಪು ಆಯ್ಕೆ ತಯಾರಾಗುವುದು ಹೀಗೇ. ಲೇಖನದ್ದೇ ಶಬ್ದ ಹಾಕುತ್ತಾರೆ, ಷರತ್ತು ತೆಗೆದುಬಿಡುತ್ತಾರೆ.

ನೀವು ಮಾಡಬೇಕಾದ್ದು ಇದು. ಒಂದು ಪ್ಯಾರಾ ಓದಿ. ಫೋನ್ ಕವುಚಿ ಇಡಿ. ಅದರಲ್ಲಿ ಏನಿತ್ತು ಅಂತ ಕನ್ನಡದಲ್ಲಿ ಬಾಯಿಬಿಟ್ಟು ಒಂದೇ ವಾಕ್ಯ ಹೇಳಿ. ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೂ ಅಡ್ಡಿಯಿಲ್ಲ. ಶಬ್ದಕ್ಕೆ ಶಬ್ದ ಬೇಡ, ತಾತ್ಪರ್ಯ ಸಾಕು. ಮತ್ತೆ ಪ್ಯಾರಾ ನೋಡಿ ಮೂರು ವಿಷಯ ತಾಳೆ ಹಾಕಿ: ಹೇಳಿದವರು ಯಾರು, ಎಷ್ಟು ಗಟ್ಟಿಯಾಗಿ ಹೇಳಿದ್ದಾರೆ, ಯಾವ ಷರತ್ತಿನ ಮೇಲೆ. ನಿಮ್ಮ ವಾಕ್ಯದಲ್ಲಿ ಈ ಮೂರರಲ್ಲಿ ಯಾವುದು ಬಿಟ್ಟುಹೋಯಿತೋ ಅಲ್ಲೇ ನಿಮ್ಮ ಮಾರ್ಕು ಹೋಗುತ್ತಿರುವುದು. ಮೊದಮೊದಲು ತುಂಬಾ ನಿಧಾನ ಆಗುತ್ತದೆ, ಬೇಜಾರು ಬರುತ್ತದೆ. ಆಗಲಿ. ವೇಗದ ಚಿಂತೆ ಆಮೇಲೆ.

ಪೆರ್ಲದಿಂದ:

ಟೀಚರ್ ಹೇಳಿದ ಆ ಮೂರು ಪ್ರಶ್ನೆಗೆ ನಮ್ಮ ಊರಿನಷ್ಟು ಒಳ್ಳೆ ವಸ್ತು ಬೇರೆಲ್ಲೂ ಸಿಗಲಿಕ್ಕಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಓದಿ. ನಮ್ಮ ಸಂಕಟವನ್ನು ಇಂಗ್ಲಿಷ್ ಪಾಠ ಮಾಡಿಕೊಳ್ಳುವುದು ಸ್ವಲ್ಪ ಮುಜುಗರದ ವಿಷಯ, ಒಪ್ಪುತ್ತೇನೆ. ಆದರೆ ನಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಏನು ಬರೆದಿದ್ದಾರೆ ಅಂತ ನಾವೇ ಓದದಿದ್ದರೆ ಹೇಗೆ?

ಹಿನ್ನೆಲೆ ನಿಮಗೆ ಗೊತ್ತಿರುವುದೇ. ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ಕೀಟದ ಕಾಟ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ನಮ್ಮ ಕಡೆಯ ಪಡ್ರೆ ಎಂಬ ಊರಿನ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ವಿಷದ ಅಂಶ ಧಾರಾಳ ಇದೆ ಎಂದಿತು. ಹೆಚ್ಚು ಸಮಯ ಆಗಲಿಲ್ಲ, ಇನ್ನೊಂದು ಸಂಸ್ಥೆಯ ವರದಿ ಹಾಗೇನೂ ಇಲ್ಲ ಎಂದಿತು. ಇದರ ಬಗ್ಗೆ ಆಗ ಬಂದ ಇಂಗ್ಲಿಷ್ ಲೇಖನಗಳು ಈಗಲೂ ನೆಟ್‌ನಲ್ಲಿ ಸಿಗುತ್ತವೆ. ಒಂದು ಲೇಖನ ತೆಗೆದುಕೊಂಡು ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ: ಇದು ಲೇಖಕರ ಮಾತೋ, ವಿಜ್ಞಾನಿಯದ್ದೋ, ಕಂಪನಿಯವರದ್ದೋ, ಊರಿನವರದ್ದೋ. ಒಂದೇ ಪ್ಯಾರಾದಲ್ಲಿ ನಾಲ್ಕು ಜನ ಮಾತಾಡಿರುತ್ತಾರೆ. ನಿಮಗೆ ನಾಲ್ಕೂ ಆಯ್ಕೆ ಸರಿ ಅನಿಸುವುದು ಬಹುಶಃ ಇದಕ್ಕೇ. ನಾಲ್ಕೂ ಲೇಖನದಲ್ಲಿ ಇವೆ, ಆದರೆ ನಾಲ್ಕೂ ಲೇಖಕರ ಅಭಿಪ್ರಾಯ ಅಲ್ವಲ್ಲ.

ಇನ್ನು ಗಟ್ಟಿ ಓದು ಬೇಕಾದರೆ, ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಆಕ್ಯುಪೇಶನಲ್ ಹೆಲ್ತ್‌ನವರು ಪಡ್ರೆಯ ಹುಡುಗರ ಮೇಲೆ ಮಾಡಿದ ಅಧ್ಯಯನ. 2003ರಲ್ಲಿ ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಪತ್ರಿಕೆಯಲ್ಲಿ ಬಂತು, ಪುಕ್ಕಟೆ ಓದಬಹುದು. ವಿಷ ತಾಗಿದ ಊರಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದ್ದಾರೆ. ಪೂರ್ತಿ ಓದಬೇಕಾಗಿಲ್ಲ, ಸಾರಾಂಶ ಸಾಕು. ಎಂಡೋಸಲ್ಫಾನ್ ಹುಡುಗರ ಲೈಂಗಿಕ ಬೆಳವಣಿಗೆಯನ್ನು ತಡ ಮಾಡುತ್ತಿರಬಹುದು ಎಂದು ಫಲಿತಾಂಶ ಸೂಚಿಸುತ್ತದೆ, ಅಷ್ಟೇ ಅವರ ಮಾತು. ನಮ್ಮ ಅಧ್ಯಯನ ಸಣ್ಣದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಇದೇ ವಿಷಯ ಪೇಪರಿನ ಹೆಡ್‌ಲೈನಿಗೆ ಬರುವಾಗ 'ಸಾಬೀತು' ಆಗಿಬಿಡುತ್ತದೆ. ಆಮೇಲೆ ಕೋರ್ಟಿನ ಭಾಷೆ ನೋಡಿ. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟು ಇದರ ತಯಾರಿ, ಮಾರಾಟ, ಬಳಕೆಗೆ ದೇಶವಿಡೀ ತಡೆ ಹಾಕಿದ್ದು ಮಧ್ಯಂತರ ಆದೇಶದಲ್ಲಿ. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯಂತೆ ಮೂರು ತಿಂಗಳೊಳಗೆ ಕೊಡಿ ಎಂದಿತು. ಅಲ್ಲಿ 'ಇರಬಹುದು' ಎಂಬ ಮಾತಿಗೆ ಜಾಗ ಇಲ್ಲ, ಮಾಡಲೇಬೇಕು. ಒಂದೇ ವಿಷಯ, ಮೂರು ಥರದ ಇಂಗ್ಲಿಷ್. ಇದನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ನನಗೆ ಬೇರೆ ಲೇಖನಗಳು ಹಗುರ ಆದವು.

ಉಪ್ಪಳದವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್:

ಪೆರ್ಲದವರ ಮಾತು ಒಳ್ಳೆಯದೇ, ಆದರೆ ನನ್ನದೊಂದು ತಕರಾರು. ಗೊತ್ತಿರುವ ವಿಷಯವೇ ಒಇಟಿಯಲ್ಲಿ ಕೈ ಕೊಡುವುದು. ನನ್ನ ಜೊತೆ ತಯಾರಿ ಮಾಡಿದವರಲ್ಲಿ ಹತ್ತು ಹದಿನೈದು ವರ್ಷ ಅನುಭವ ಇದ್ದ ನರ್ಸುಗಳೇ ರೀಡಿಂಗ್ ಪೇಪರಿನ ಎರಡನೇ ಭಾಗವಾದ ಪಾರ್ಟ್ ಬಿಯಲ್ಲಿ ಹೆಚ್ಚು ಎಡವುತ್ತಿದ್ದರು. ಅಲ್ಲಿ ಆರು ಚಿಕ್ಕ ತುಣುಕು ಇರುತ್ತವೆ. ಆಸ್ಪತ್ರೆಯ ನಿಯಮ, ಈಮೇಲ್, ಮೆಷಿನ್ ಬಳಸುವ ಸೂಚನೆ, ಹೀಗೆ. ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ತೆಗೆಯುವ ಮೊದಲು ಇಂಥವರಿಗೆ ತಿಳಿಸಿ ಅಂತ ತುಣುಕಿನಲ್ಲಿ ಇದ್ದರೆ, ಇವರು ತಮ್ಮ ವಾರ್ಡಿನಲ್ಲಿ ಮಾಡುವ ಹಾಗೆ 'ಕೂಡಲೇ ತೆಗೆಯಿರಿ' ಎಂಬುದಕ್ಕೆ ಟಿಕ್ ಹಾಕುತ್ತಾರೆ. ವೈದ್ಯಕೀಯವಾಗಿ ಅದು ತಪ್ಪೇನೂ ಅಲ್ಲದಿರಬಹುದು. ಆದರೆ ಪ್ರಶ್ನೆ ನಿಮ್ಮ ಜ್ಞಾನದ ಬಗ್ಗೆ ಅಲ್ಲ. ಉತ್ತರ ಹಾಕಿದ ಮೇಲೆ ಯಾವ ಸಾಲಿನಲ್ಲಿ ಇದು ಇದೆ ಅಂತ ಬೆರಳಿಟ್ಟು ತೋರಿಸಲು ಆಗಬೇಕು. ಆಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು.

ಹಾಗಾಗಿ ಗೊತ್ತಿರುವುದರಿಂದ ಶುರು ಮಾಡಿ, ಬೇಗ ಗೊತ್ತಿಲ್ಲದ್ದಕ್ಕೆ ದಾಟಿ. ಇಲ್ಲಿ ಇಂಗ್ಲೆಂಡಿನ ಶಾಲೆಗಳ ಊಟ, ವಯಸ್ಸಾದವರ ಕೇರ್ ಹೋಮ್, ಮಾನಸಿಕ ಆರೋಗ್ಯದ ಕಾಯುವ ಪಟ್ಟಿ, ಇಂಥದ್ದು ಓದಿ. ನಮಗೆ ಮೊದಲೇ ಅಭಿಪ್ರಾಯ ಇಲ್ಲದ ಕಾರಣ ಲೇಖನವನ್ನೇ ನಂಬಬೇಕಾಗುತ್ತದೆ.

ಪಾರ್ಟ್ ಎ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದೇ ವಿಷಯದ ನಾಲ್ಕು ತುಣುಕು, 20 ಪ್ರಶ್ನೆ, 15 ನಿಮಿಷ. ಸಮಯ ಮುಗಿದರೆ ಮುಗಿಯಿತು, ವಾಪಸ್ ಹೋಗಲು ಬಿಡುವುದಿಲ್ಲ. ಅದನ್ನು ಮೇಲಿನಿಂದ ಕೆಳಗೆ ಓದಲು ಹೋಗಬೇಡಿ ಮಾರಾಯ್ರೆ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ನೋಡುವ ಹಾಗೆ ನೋಡಬೇಕು, ಬೇಕಾದ ಹೆಸರು ಸಿಕ್ಕಿದ ಕೂಡಲೇ ಮುಂದೆ. ತುಣುಕಿನಲ್ಲಿರುವ ಶಬ್ದವನ್ನು ಹಾಗೆಯೇ ಇಳಿಸಿ, ಸ್ಪೆಲ್ಲಿಂಗ್ ತಪ್ಪಿದರೆ ಮಾರ್ಕಿಲ್ಲ. ಉಳಿದ 45 ನಿಮಿಷ ಬಿ ಮತ್ತು ಸಿಗೆ. ಸಿಯಲ್ಲಿ ಎರಡು ಲೇಖನ, ಒಂದೊಂದಕ್ಕೆ ಎಂಟು ಪ್ರಶ್ನೆ. ಟೀಚರ್ ಹೇಳಿದ ನಿಧಾನದ ಓದು ಬೇಕಾಗುವುದು ಅಲ್ಲಿ. ಬಿಯನ್ನು ಬೇಗ ಮುಗಿಸಿದಷ್ಟು ಸಿಗೆ ಉಸಿರಾಡಲು ಜಾಗ.

ಮುಳ್ಳೇರಿಯದಿಂದ, ಪಿಎಸ್‌ಸಿಗೆ ಓದುತ್ತಿರುವವನು:

ಅಂಕಿ ಇರುವ ಪ್ಯಾರಾ ಕಂಡರೆ ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ರಾಜ್ಯವಾರು ಹಾಳೆಗಳು ಪಿಡಿಎಫ್ ಆಗಿ ಸಿಗುತ್ತವೆ. 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ 2015–16ರಲ್ಲಿ ದೇಶದಲ್ಲಿ 53.1 ಶೇಕಡಾ ಇತ್ತು, 2019–21ರಲ್ಲಿ 57 ಆಯಿತು. ಕೇರಳದಲ್ಲಿ 34.3 ಇದ್ದದ್ದು 36.3 ಆಯಿತು. ಈಗ ಈ ಎರಡು ವಾಕ್ಯ ನೋಡಿ: 'ಕೇರಳದ ಸ್ಥಿತಿ ದೇಶದ ಸರಾಸರಿಗಿಂತ ವಾಸಿ', 'ಕೇರಳದಲ್ಲಿ ರಕ್ತಹೀನತೆ ಕಮ್ಮಿಯಾಗುತ್ತಿದೆ'. ಮೊದಲನೆಯದು ಸರಿ, ಎರಡನೆಯದು ತಪ್ಪು. ನಾನು ಹಾಳೆ ನೋಡಿ ಇಂಥ ಸರಿ-ತಪ್ಪು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದು ತಂಗಿಗೆ ಕೊಡುತ್ತೇನೆ, ಅವಳು ನನಗೆ ಬರೆದು ಕೊಡುತ್ತಾಳೆ. ಪ್ರಶ್ನೆ ತಯಾರು ಮಾಡಲು ಕಲಿತರೆ ಮೋಸ ಎಲ್ಲಿರುತ್ತದೆ ಅಂತ ಮೊದಲೇ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಜಗಳವೂ ಆಗುತ್ತದೆ, ಅದು ಬೇರೆ ವಿಷಯ.

ಕುಂಬಳೆಯಿಂದ ದಿನಾ ಮಂಗಳೂರಿಗೆ ಓಡಾಡುವವರು:

ರೈಲಿನಲ್ಲಿ ಓದಿ. ಡಿಕ್ಷನರಿ ಆ್ಯಪ್ ತೆರೆಯಬೇಡಿ, ಮನೆಗೆ ಬಂದ ಮೇಲೆ ನೋಡಿ.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂದೇಹ. ಕನ್ನಡ ಪೇಪರಿನಲ್ಲಿ ಸುದ್ದಿ ಓದಿ ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಒಳ್ಳೆಯದಾ? ಮತ್ತೆ, 'ಲೇಖಕರ ಧೋರಣೆ ಏನು' ಅಂತ ಕೇಳುವ ಪ್ರಶ್ನೆ ನನಗೆ ಯಾವಾಗಲೂ ತಪ್ಪುತ್ತದೆ.

ಮಂಜೇಶ್ವರದ ಟೀಚರ್:

ಉಲ್ಟಾ ಮಾಡಿ. ಇಂಗ್ಲಿಷ್ ಮೊದಲು, ಕನ್ನಡ ಆಮೇಲೆ. ಕನ್ನಡದಲ್ಲಿ ಮೊದಲೇ ಓದಿದ್ದರೆ ಇಂಗ್ಲಿಷಿನಲ್ಲಿ ಓದುವುದೇ ಇಲ್ಲ, ನೆನಪಿನಿಂದ ತುಂಬಿಸಿಕೊಳ್ಳುತ್ತೀರಿ. ಕನ್ನಡ ಪೇಪರ್ ಉತ್ತರ ಪತ್ರಿಕೆಯ ಹಾಗೆ ಇರಲಿ.

ಧೋರಣೆಗೆ ಒಂದು ಅಭ್ಯಾಸ ಹೇಳುತ್ತೇನೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ಕರ್ನಾಟಕದವರು ರಸ್ತೆ ಮುಚ್ಚಿದ್ದು ನೆನಪಿದೆಯಲ್ಲ? ನಮ್ಮ ರೋಗಿಗಳು ಮಂಗಳೂರಿಗೆ ಹೋಗಲಾಗದೆ ನಿಂತರು. ಕೇರಳ ಹೈಕೋರ್ಟು ಏಪ್ರಿಲ್ 1ಕ್ಕೆ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ವಾರ ಬೆಂಗಳೂರಿನಿಂದ ಬಂದ ಇಂಗ್ಲಿಷ್ ವರದಿ ಒಂದು, ಕೇರಳದಿಂದ ಬಂದದ್ದು ಒಂದು ಹುಡುಕಿ. ಮೊದಲ ಪ್ಯಾರಾದಲ್ಲಿ ಯಾರಿದ್ದಾರೆ, ರೋಗಿಯೋ ಸೋಂಕಿನ ಅಂಕಿಯೋ? ಯಾರ ಮಾತು ಕೊನೆಗೆ ಹೋಗಿದೆ? ಯಾವುದಕ್ಕೆ 'ಆರೋಪ' ಅಂದಿದ್ದಾರೆ, ಯಾವುದನ್ನು ಸುಮ್ನೆ ಹಾಗೇ ಬರೆದಿದ್ದಾರೆ? ಒಳ್ಳೆಯದು ಕೆಟ್ಟದು ಅಂತ ಲೇಖಕರು ಎಲ್ಲೂ ಬರೆದಿರುವುದಿಲ್ಲ. ಆದರೂ ಧೋರಣೆ ಕಾಣುತ್ತದೆ.

ಉಪ್ಪಳದವಳು:

ಇದಕ್ಕೆ ನನ್ನದೂ ಒಂದು ಸೇರಿಸಿ. ಧೋರಣೆಯ ಪ್ರಶ್ನೆಯಲ್ಲಿ ತೀರಾ ಖಾರದ ಆಯ್ಕೆ ಇದ್ದರೆ ಮೊದಲು ಅದನ್ನು ಅನುಮಾನಿಸಿ. ಆರೋಗ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೋಪದಿಂದ ಬರೆಯುವುದಿಲ್ಲ, ಹಿಂದೆಮುಂದೆ ನೋಡಿ ಬರೆಯುತ್ತಾರೆ. ಯುಕೆಯಲ್ಲಿ ನರ್ಸುಗಳನ್ನು ನೋಂದಾಯಿಸುವ ಎನ್‌ಎಂಸಿಗೆ ರೀಡಿಂಗಿನಲ್ಲಿ ಬಿ ಗ್ರೇಡ್ ಬೇಕು, ಅಂದರೆ 350. ಪಾರ್ಟ್ ಸಿಯ ಎಲ್ಲ ಪ್ರಶ್ನೆ ಸರಿಯಾಗಲೇಬೇಕೆಂದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಮಾತ್ರ ಪೂರ್ತಿ ಪೇಪರ್ ಮಾಡಲು ಕೂರಬೇಡಿ, ಆ ದಿನದ ಮಾರ್ಕು ನೋಡಿ ಸುಮ್ನೆ ಬೇಜಾರು. ರಜೆಯ ದಿನ ಬೆಳಿಗ್ಗೆ, ಗಡಿಯಾರ ಇಟ್ಟುಕೊಂಡು ಮಾಡಿ.

ಮುಳ್ಳೇರಿಯದವನು:

ಸರಿ-ತಪ್ಪು ವಾಕ್ಯಗಳ ನನ್ನ ಹಾಳೆ ಬೇಕಾದರೆ ಹೇಳಿ, ಫೋಟೋ ತೆಗೆದು ಹಾಕುತ್ತೇನೆ. ಉತ್ತರ ಮಾತ್ರ ಮರುದಿನ.